ಎರಡು ಬಣ್ಣದ ಪ್ಯಾಂಟು

ನನ್ನ ಗಂಡನ ಅಣ್ಣ ನಮ್ಮ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್. ಎದುರಿಗೆ ‘ನೀವು’ ಅನ್ನುತ್ತೇನೆ, ಮನಸ್ಸಿನಲ್ಲಿ ಏಕವಚನವೇ. ನನ್ನನ್ನು ಚೆಕಿಂಗ್ ಕೆಲಸಕ್ಕೆ ಸೇರಿಸಿದ್ದು ತಾನೇ ಎಂದು ದಿನಕ್ಕೆರಡು ಸಲ ಹೇಳದಿದ್ದರೆ ಭಾವನಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಹೋದ ವರ್ಷ ಅವನ ವಿಭಾಗದಲ್ಲಿ ಸೈಜ್ ಚೀಟಿಗಳು ಅದಲುಬದಲಾದಾಗ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದನ್ನು ಮಾತ್ರ ಹೇಳುವುದಿಲ್ಲ. ಅವತ್ತು ಇಡೀ ಲೈನಿನ ಎದುರು ನನ್ನನ್ನು ಒಂದು ಗಂಟೆ ನಿಲ್ಲಿಸಿದ್ದರು. ಅವನು ದೂರದಲ್ಲಿ ಟೀ ಕುಡಿಯುತ್ತ ನೋಡುತ್ತಿದ್ದ.

ಈ ಸಲದ್ದು ಕಾರ್ಡುರಾಯ್ ಪ್ಯಾಂಟುಗಳ ಆರ್ಡರ್. ಗೀರುಗೀರಾಗಿ, ಮೆತ್ತಗೆ ರೋಮವಿರುವ ಬಟ್ಟೆ ಅದು. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಒರಟು. ರೋಮದ ದಿಕ್ಕು ಬದಲಾದರೆ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಹಾಗಾಗಿ ಒಂದು ಪ್ಯಾಂಟಿನ ತುಂಡುಗಳನ್ನೆಲ್ಲ ಒಂದೇ ದಿಕ್ಕಿಗಿಟ್ಟು ಕತ್ತರಿಸಬೇಕು. ಅದರಲ್ಲಿ ನಡುನಡುವೆ ಬಟ್ಟೆ ಹಾಳಾಗುತ್ತದೆ. ಬುದ್ಧಿವಂತ ಭಾವ ಹಿಂಭಾಗದ ತುಂಡುಗಳನ್ನು ತಲೆಕೆಳಗು ಮಾಡಿ ಸಂದಿಯಲ್ಲಿ ತೂರಿಸಿ ಹದಿನಾಲ್ಕು ರೋಲ್ ಬಟ್ಟೆ ಉಳಿಸಿದ. ಮ್ಯಾನೇಜರ್ ಬೆನ್ನು ತಟ್ಟಿದರು. ಆ ವಾರವೆಲ್ಲ ಮನೆಯಲ್ಲಿ ಕೂತರೂ ಹದಿನಾಲ್ಕು ರೋಲ್, ನಿಂತರೂ ಹದಿನಾಲ್ಕು ರೋಲ್.

ಹೊಲಿದ ಪ್ಯಾಂಟುಗಳು ನನ್ನ ಮೇಜಿಗೆ ಬಂದಾಗ ಲಾರಿ ಗೇಟಿನಲ್ಲಿ ನಿಂತಿತ್ತು. ಪ್ಯಾಕಿಂಗ್ ಆಗಲೇ ನಡೆದಿತ್ತು, ನನ್ನ ಸೈನ್ ಒಂದು ಬಾಕಿ. ಮುಂಭಾಗ ಕಾಣುವಂತೆ ಮಡಿಸಿದ್ದರಿಂದ ಎಲ್ಲ ಚೊಕ್ಕವಾಗಿತ್ತು. ಒಂದನ್ನು ಬಿಡಿಸಿ ಅಂಗೈಯಿಂದ ಸವರಿದೆ. ಮುಂದೆ ನುಣುಪು, ಹಿಂದೆ ಒರಟು. ಇನ್ನೊಂದು ತೆಗೆದೆ, ಅದೂ ಹಾಗೇ. ಬಾಗಿಲ ಬಿಸಿಲಿಗೆ ಹಿಡಿದರೆ ಮುಂದೆ ಕಡುಕಂದು, ಹಿಂದೆ ಇಟ್ಟಿಗೆ ಬಣ್ಣ. ಹೊಲಿದವರಿಗೂ ಕಂಡಿರಬೇಕು. ಸೂಪರ್‌ವೈಸರ್ ತಲೆ ಮೇಲೆ ನಿಂತಿರುವಾಗ ಬಾಯಿ ಬಿಡುವವರು ಯಾರು?

ಸುಳ್ಳೇಕೆ, ಮೊದಲು ನನಗೆ ಖುಷಿಯೇ ಆಯಿತು. ಸಿಕ್ಕಿಬಿದ್ದ, ಎಂದುಕೊಂಡೆ. ಆಮೇಲೆ ನಾನು ಸೈನ್ ಹಾಕಬೇಕಿದ್ದ ಚೆಕಿಂಗ್ ರಿಪೋರ್ಟ್ ನೋಡಿದೆ. ಇದಕ್ಕೆ ಸೈನ್ ಹಾಕಿದರೆ, ಅಂಗಡಿಯವರು ಸರಕು ವಾಪಸ್ ಕಳಿಸಿದ ದಿನ ಕೆಲಸ ಹೋಗುವುದು ನನ್ನದು.

ಅಷ್ಟರಲ್ಲಿ ಭಾವ ಬಂದ. “ಏನು, ಪ್ಯಾಂಟಿಗೆ ಬಿಸಿಲು ಕಾಯಿಸ್ತಿದ್ದೀಯಾ? ಸೈನ್ ಹಾಕು.”

“ಹಿಂದಿನ ಪೀಸೆಲ್ಲ ಉಲ್ಟಾ ಇದೆ ಭಾವ.”

“ಹಾಕ್ಕೊಂಡೋನು ತನ್ನ ಹಿಂದೆ ತಾನೇ ನೋಡ್ಕೋತಾನಾ?”

“ಅವನ ಹಿಂದೆ ಬರೋರು ನೋಡ್ತಾರೆ.”

ಮುಖ ಹತ್ತಿರ ತಂದು ಹಲ್ಲು ಕಚ್ಚಿ ಹೇಳಿದ, “ನಿನ್ನನ್ನ ಇಲ್ಲಿಗೆ ತಂದಿದ್ದು ಯಾರು, ನೆನಪಿದೆಯಾ?”

“ಮರೆಯೋಕೆ ನೀವು ಬಿಟ್ರೆ ತಾನೇ!”

ಗಲಾಟೆ ಕೇಳಿ ಮ್ಯಾನೇಜರ್ ಬಂದರು. ಪ್ಯಾಂಟನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ನೋಡಿದರು, ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. “ಅಂಗಡಿ ಒಳಗೆ ಬಿಸಿಲಿರಲ್ಲಮ್ಮ. ಹಾಕು.”

“ಹಾಕಲ್ಲ ಸಾರ್.”

“ಹಾಗಾದ್ರೆ ನಾಳೆಯಿಂದ ಬರ್ಬೇಡ.”

“ಇವಳು ಯಾಕೆ ಸಾರ್?” ಎಂದ ಭಾವ. “ನನ್ನ ಹೆಂಡ್ತಿ ಪ್ಯಾಕಿಂಗಲ್ಲಿ ಎಂಟು ವರ್ಷದಿಂದ ಇದ್ದಾಳೆ. ಅವಳನ್ನೇ ಚೆಕರ್ ಮಾಡಿ, ಹಾಕ್ತಾಳೆ.”

ನನ್ನ ಓರಗಿತ್ತಿಯನ್ನು ಕರೆಸಿದರು. ಒಂದೇ ಅಡುಗೆಮನೆಯಲ್ಲಿ ಓಡಾಡುತ್ತಿದ್ದರೂ ನಾವಿಬ್ಬರು ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ನನ್ನ ಕಡೆ ನೋಡದೆಯೇ ಪೆನ್ ತೆಗೆದುಕೊಂಡಳು. ಚೆಕರ್ ಎಂದ ಕೂಡಲೇ ಅವಳ ಮುಖ ಅರಳಿದ್ದು ಕಂಡು ನನ್ನ ಹೊಟ್ಟೆ ಉರಿಯಿತು.

“ಅಕ್ಕ, ಒಂದ್ಸಲ ಬಟ್ಟೆ ಮೇಲೆ ಕೈಯಾಡ್ಸು,” ಎಂದೆ. ಪ್ರೀತಿಯಿಂದಲ್ಲ, ನನ್ನ ಜಾಗ ಅಷ್ಟು ಸುಲಭಕ್ಕೆ ಅವಳ ಪಾಲಾಗಬಾರದೆಂದು.

“ನಿನ್ನನ್ನ ಯಾರು ಕೇಳಿದ್ರು?” ಎಂದಳು. ಆದರೂ ಕೈ ಬಟ್ಟೆಯ ಮೇಲೆ ಹೋಯಿತು. ಮುಂದೆ ಸವರಿದಳು. ತಿರುಗಿಸಿ ಹಿಂದೆ ಸವರಿದಳು. ಕೈ ಅಲ್ಲೇ ನಿಂತಿತು.

“ರೀ, ಇದು ನಿಮ್ಮ ಕಟಿಂಗಾ?”

“ಅದೆಲ್ಲ ನಿಂಗ್ಯಾಕೆ? ಸುಮ್ನೆ ಹಾಕು.”

“ಏನೂ ಆಗಲ್ಲ ತಾನೇ?”

“ಏನೂ ಆಗಲ್ಲ ಅಂದ್ನಲ್ಲ!”

“ಹಾಗಿದ್ರೆ ನೀವೇ ಹಾಕಿ.” ಪೆನ್ನನ್ನು ಅವನ ಕಡೆ ಚಾಚಿದಳು.

ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ. ಪೆನ್ನು ಹಾವೇನೋ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರ್ ನೋಡಿದರು, ನಾನು ನೋಡಿದೆ, ಅವಳೂ ನೋಡಿದಳು.

“ನಾನು ನಿಮ್ಗೆ ಇಷ್ಟು ಅಗ್ಗ ಆದ್ನಾ?” ಎಂದಳು. ದನಿ ಏರಿರಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಪ್ಯಾಕಿಂಗ್ ಕಡೆ ಹೋದಳು. ಬೆಳಿಗ್ಗೆ ತಾನೇ ಮುಚ್ಚಿದ್ದ ಪೆಟ್ಟಿಗೆಯ ಟೇಪನ್ನು ಬ್ಲೇಡಿನಿಂದ ಸೀಳಿ ಪ್ಯಾಂಟುಗಳನ್ನು ನೆಲಕ್ಕೆ ಸುರಿದಳು. ಆಮೇಲೆ ಇನ್ನೊಂದು ಪೆಟ್ಟಿಗೆ.

“ಲಾರಿ ಹೊರಡ್ಬೇಕು, ತಲೆ ಕೆಟ್ಟಿದೆಯಾ ನಿಂಗೆ?” ಮ್ಯಾನೇಜರ್ ಕಿರುಚಿದರು. ಅವಳು ತಿರುಗಿಯೂ ನೋಡಲಿಲ್ಲ.

ನಾನು ಓಡಿಹೋಗಿ ಪಕ್ಕದ ಪೆಟ್ಟಿಗೆಗೆ ಕೈ ಹಾಕಿದೆ.

“ನೀನು ಮುಟ್ಬೇಡ,” ಎಂದಳು. “ಇದು ನಂಗೂ ಅವ್ರಿಗೂ ಇರೋ ಲೆಕ್ಕ.”

ನಾನು ಕೈ ತೆಗೆದೆ. ಮೂರನೆಯ ಪೆಟ್ಟಿಗೆಯನ್ನು ಅವಳು ಸೀಳುತ್ತಿದ್ದಾಗಲೂ ಭಾವನ ಕೈಗಳು ಬೆನ್ನ ಹಿಂದೆಯೇ ಇದ್ದವು.