ಯಾರದೆಂದು ತಿಳಿಯದ ಸೀರೆ

ನರಸಿಂಹರಾಜಪುರದ ಹತ್ತಿರದ ತಮ್ಮ ಹಳೇ ಮನೆ ರಾಷ್ಟ್ರೀಯ ಸ್ಮಾರಕ ಆಯಿತೆಂದು ಸುಮಿತ್ರಮ್ಮನಿಗೆ ಹೆಮ್ಮೆಯೇ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಯಾರೋ ದೊಡ್ಡವರು ಅಲ್ಲಿ ಮೂರು ದಿನ ಅಡಗಿದ್ದರಂತೆ. ಅವರು ಕೂತ ಕುರ್ಚಿಗೊಂದು ಬೋರ್ಡು, ನೀರು ಕುಡಿದ ಚೊಂಬಿಗೊಂದು ಬೋರ್ಡು. ಮೂರು ದಿನವೂ ಬೇಯಿಸಿ ಬಡಿಸಿದ ಅತ್ತೆಯ ಸೀರೆ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಬೋರ್ಡು ಮಾತ್ರ ‘ಹಳೆಯ ಸೀರೆ. ಯಾರದೆಂದು ತಿಳಿದಿಲ್ಲ.’

ತಪ್ಪು ಸುಮಿತ್ರಮ್ಮನದೇ ಬಿಡಿ. ಸಾಮಾನಿನ ಪಟ್ಟಿ ಮಾಡಲು ಬಂದ ಮ್ಯೂಸಿಯಂ ಅಧಿಕಾರಿ ಸೋಮನಾಥ “ಯಾರ ಸೀರೆ?” ಅಂದಾಗ “ನಮ್ಮತ್ತೇದು” ಅಂದರು. “ಹೆಸರು?” ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳೋದುಂಟೆ! ಗಂಡ ಲಿಂಗಪ್ಪ ಬಂದು ಹೇಳಲಿ ಅಂತ ಸೆರಗು ಕಚ್ಚಿಕೊಂಡು ನಿಂತರು. ಸೋಮನಾಥನಿಗೆಲ್ಲಿ ಪುರುಸೊತ್ತು, ‘ತಿಳಿದಿಲ್ಲ’ ಅಂತ ಗೀಚಿಕೊಂಡು ಹೋದ.

ದೀಪಾವಳಿಗೆ ಹಿರಿಯರ ಎಡೆ ಇಡುವುದು ಆ ಸೀರೆಯ ಮುಂದೆಯೇ. ಈ ವರ್ಷ ತಪ್ಪಿದರೆ ಅತ್ತೆ ಉಪವಾಸ ಇರ್ತಾರಲ್ಲ ಅಂತ ಸುಮಿತ್ರಮ್ಮನಿಗೆ ಚಿಂತೆ. ಆಫೀಸಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟರು: “ಗುರುಬಸಮ್ಮ! ಸೀರೆ ಕೊಡಿ.”

“ಫೈಲು ದೆಹಲಿಗೆ ಹೋಗಿದೆಯಮ್ಮ, ಈಗ ಹೆಸರು ಹೇಳಿದರೆ ಆಗಲ್ಲ” ಅಂದ ಸೋಮನಾಥ. ಆಮೇಲೆ ಏನು ಹೊಳೆಯಿತೋ, ಮುಖ ಅರಳಿಸಿದ. ತಪಾಸಣೆಯ ನೆಪದಲ್ಲಿ ಶೃಂಗೇರಿ ನೋಡಲು ಹೊರಟ ದೆಹಲಿ ಸಾಹೇಬರು ಹಬ್ಬದ ದಿನವೇ ಬರುವವರಿದ್ದರು. “ಪೆಟ್ಟಿಗೆ ಮುಂದೇನೇ ಎಡೆ ಇಡಿ. ‘ಜೀವಂತ ಪರಂಪರೆ’ ಅಂತ ಕಾರ್ಯಕ್ರಮ ಮಾಡೋಣ. ಹತ್ತೇ ನಿಮಿಷ.”

ಹಬ್ಬದ ದಿನ ಸುಮಿತ್ರಮ್ಮ ಬಾಳೆಎಲೆ ಹಾಸಿ, ಕಡುಬು, ಹೋಳಿಗೆ ಬಡಿಸಿ, ತುಪ್ಪ ಹಾಕಿ ಅಡ್ಡಬಿದ್ದರು. ಸಾಹೇಬರು ಚಪ್ಪಾಳೆ ತಟ್ಟಿದರು. ಮೊಬೈಲುಗಳೆಲ್ಲ ಮೇಲೆದ್ದವು.

“ಆಯ್ತಲ್ಲಮ್ಮ, ಎತ್ಕೊಳ್ಳಿ” ಅಂದ ಸೋಮನಾಥ.

“ಎಲ್ಲಿ ಆಯ್ತು ಮಾರಾಯ್ರೆ? ಇಷ್ಟು ಜನ ಬಾಯಿ ನೋಡ್ತಾ ನಿಂತ್ರೆ ಹಿರಿಯರು ಉಣ್ತಾರಾ? ಎಲ್ಲಾ ಹೊರಗೆ ನಡೀರಿ, ಬಾಗಿಲು ಹಾಕ್ಬೇಕು.”

ಸಾಹೇಬರಿಗೆ ಇದೂ ಭಾರೀ ಹಿಡಿಸಿತು, ಮೊದಲು ಅವರೇ ಹೊರಬಿದ್ದರು. ಹಿಂದೆ ಸೋಮನಾಥ, ಟಿಕೆಟ್ ಕೊಡುವವನು, ಟಿಕೆಟ್ ಕೊಂಡವರು. ಸುಮಿತ್ರಮ್ಮ ತಾವೂ ಹೊರಬಂದು ಬಾಗಿಲೆಳೆದು ಚಿಲಕ ಹಾಕಿದರು. ಅಂಗಳದ ಬಿಸಿಲಲ್ಲಿ ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯಾಯಿತು. ಸಾಹೇಬರ ಕೋಟು ತೋಳಿಗೆ ಬಂತು.

“ಇನ್ನೂ ಎಷ್ಟು ಹೊತ್ತಮ್ಮ?” ಸೋಮನಾಥ ಹತ್ತಿರ ಬಂದು ಪಿಸುಗುಟ್ಟಿದ.

ಸುಮಿತ್ರಮ್ಮ ಜಗಲಿಯ ಮೇಲಿದ್ದ ‘ಇಲ್ಲಿ ಕೂರಬಾರದು’ ಬೋರ್ಡನ್ನು ಅತ್ತ ಸರಿಸಿ, ಕಾಲು ಚಾಚಿ ಕೂತರು.

“ಅವಸರ ಮಾಡ್ಬೇಡಿ. ಗುರುಬಸಮ್ಮ ಉಣ್ಣೋದು ಬಲು ನಿಧಾನ.”