ಯಾವುದಕ್ಕೂ ಬಾರದ ಸಂಖ್ಯೆ

"ನೌಶೀನ್, ಏನ್ರೀ ಮಾಡ್ಕೊಂಡಿದೀರಿ? ಹನ್ನೆರಡು ಮೆಷಿನ್‌ನಲ್ಲಿ ಅದೇನೋ ಪ್ರೋಗ್ರಾಂ ಸಿಕ್ತಂತೆ. ಸೆಕ್ಯುರಿಟಿಯವ್ರು ಕರೀತಿದಾರೆ," ಎಂದು ಟೀಮ್ ಲೀಡ್ ನಿರಂಜನ್ ಪಿಸುಗುಟ್ಟಿದಾಗ ನೌಶೀನ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಎದ್ದಳು.

ಅದು ೨೦೦೧ರ ನವೆಂಬರ್. ಸೌತ್‌ಫೀಲ್ಡ್ ಊರಿನ ಒಂದು ವಿಮಾ ಕಂಪನಿಯಲ್ಲಿ ಅವಳದು ವೀಸಾದ ಮೇಲಿನ ಕೆಲಸ; ಅದು ಹೋದರೆ ದೇಶವನ್ನೇ ಬಿಡಬೇಕು. ನ್ಯೂಯಾರ್ಕಿನ ಗೋಪುರಗಳು ಉರುಳಿ ಎರಡು ತಿಂಗಳಾಗಿತ್ತಷ್ಟೆ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಅವಳನ್ನು ಲಿಫ್ಟಿನಲ್ಲಿ ಜನ ಎರಡೆರಡು ಸಲ ನೋಡುತ್ತಿದ್ದರು.

ದಾವಣಗೆರೆಯಲ್ಲಿ ಗಣಿತ ಓದುವಾಗ ಹಿಡಿದ ಅವಿಭಾಜ್ಯ ಸಂಖ್ಯೆಗಳ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ. ಎರಡನ್ನು ಎರಡರಿಂದಲೇ ಕೋಟಿಗೂ ಮಿಕ್ಕಿ ಸಲ ಗುಣಿಸಿ, ಒಂದು ಕಳೆದರೆ ಬರುವ ಸಂಖ್ಯೆಗೆ ನಲವತ್ತು ಲಕ್ಷ ಅಂಕಿ. ಅದು ಅವಿಭಾಜ್ಯವೇ? ಸುಮ್ಮನೆ ಕೂತ ಆಫೀಸು ಕಂಪ್ಯೂಟರುಗಳು ಇಂಥ ಸಂಖ್ಯೆಗಳನ್ನು ಪರೀಕ್ಷಿಸಲಿ ಎಂದು ಯಾರನ್ನೂ ಕೇಳದೆ ಆ ಪ್ರೋಗ್ರಾಂ ಹಾಕಿದ್ದಳು.

ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪನಿಯ ನರೆಗೂದಲಿನ ಸೆಕ್ಯುರಿಟಿ ಅಧಿಕಾರಿಯೊಬ್ಬ ಕೂತಿದ್ದ.

"ಇದು ಹೊರಗಿನ ಕಂಪ್ಯೂಟರಿಗೆ ಏನೋ ಕಳಿಸುತ್ತಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳಿಂದ ಗುಪ್ತಲಿಪಿ ಮಾಡುತ್ತಾರಂತಲ್ಲ? ಯಾರಿಗೆ ಕಳಿಸುತ್ತಿದ್ದೀರಿ?"

ಪಕ್ಕದ ಊರು ಡಿಯರ್‌ಬಾರ್ನ್‌ನಲ್ಲಿ ಸರ್ಕಾರದವರು ವಿಚಾರಣೆಗೆ ಕರೆಸಿಕೊಂಡ ಮುಸ್ಲಿಮರ ಸುದ್ದಿಗಳೆಲ್ಲ ನೆನಪಾದವು. ನಾಲ್ಕು ವರ್ಷದ ಮಗಳು ಆಯತ್‌ಳನ್ನು ಡೇಕೇರ್‌ನಿಂದ ಇವತ್ತು ಯಾರು ಕರೆತರುತ್ತಾರೆ?

"ಗುಪ್ತಲಿಪಿಗೆ ಯಾರಿಗೂ ಗೊತ್ತಿರದ ಸಂಖ್ಯೆ ಬೇಕು," ಎಂದಳು. "ಇದು ಹೋಗುವುದು ಇಂಥ ಸಂಖ್ಯೆ ಹುಡುಕುವ ಹವ್ಯಾಸಿಗಳ ಕೂಟಕ್ಕೆ. ಸಿಕ್ಕ ಕೂಡಲೇ ಅವರು ಜಗತ್ತಿಗೆಲ್ಲ ಸಾರುತ್ತಾರೆ."

ಪೆನ್ನು ಕೇಳಿ ಪಡೆದು, ಐದು ಎರಡುಗಳನ್ನು ಗುಣಿಸಿ ಒಂದು ಕಳೆದು ಮೂವತ್ತೊಂದು ಎಂದು ಬರೆದಳು. "ನಾಲ್ಕರಿಂದ ಶುರು. ವರ್ಗ ಮಾಡಿ ಎರಡು ಕಳೆದರೆ ಹದಿನಾಲ್ಕು. ಮತ್ತೆ ಹಾಗೇ ಮಾಡಿದರೆ ನೂರ ತೊಂಬತ್ತನಾಲ್ಕು; ಮೂವತ್ತೊಂದರಿಂದ ಭಾಗಿಸಿದರೆ ಉಳಿಯುವುದು ಎಂಟು. ಎಂಟರ ವರ್ಗದಲ್ಲಿ ಎರಡು ಕಳೆದರೆ ಅರವತ್ತೆರಡು. ಭಾಗಿಸಿದರೆ ಶೇಷ ಸೊನ್ನೆ. ಐದಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಸಲ ಹೀಗೆ ಮಾಡಿದಾಗ ಸೊನ್ನೆ ಉಳಿಯಬೇಕು ಅನ್ನುವುದೇ ನಿಯಮ; ಹಾಗಾಗಿ ಮೂವತ್ತೊಂದು ಅವಿಭಾಜ್ಯ. ಕಂಪ್ಯೂಟರು ಮಾಡುವುದೂ ಇದನ್ನೇ, ತಿಂಗಳುಗಟ್ಟಲೆ."

ಅವನು ಕ್ಯಾಲ್ಕುಲೇಟರ್ ಒತ್ತಿ ನೋಡಿದ. "ಸಿಕ್ಕರೆ ಏನು ಉಪಯೋಗ?"

"ಏನೂ ಇಲ್ಲ."

ಹೇಳಿದ ಮೇಲೆ ಅವಳ ಜೀವವೇ ಹಾರಿಹೋಯಿತು. ನಿಜ ಅದೇ, ಆದರೆ ಯಾರು ನಂಬುತ್ತಾರೆ? ಏನೂ ಉಪಯೋಗವಿಲ್ಲದ್ದಕ್ಕೆ ಯಾರಾದರೂ ಹೊಟ್ಟೆಪಾಡಿನ ಕೆಲಸವನ್ನೇ ಪಣಕ್ಕಿಡುತ್ತಾರೆಯೇ?

ಮೂರು ದಿನ ಅವಳನ್ನು ಕಂಪ್ಯೂಟರ್ ಮುಟ್ಟಗೊಡಲಿಲ್ಲ. ಕಳಿಸಿದ ಸಂದೇಶಗಳನ್ನೆಲ್ಲ ಬಿಚ್ಚಿ ನೋಡಿದರು, ಬರೀ ಅಂಕಿಗಳು. ನಾಲ್ಕನೇ ದಿನ ಪ್ರೋಗ್ರಾಮನ್ನೆಲ್ಲ ಅಳಿಸಿ, ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಕೆಲಸ ಉಳಿಸಿದರು.

ಅಂದು ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡಲು ಹೋದರೆ ಕೀಲಿ ತೂತಿಗೇ ಹೋಗದು. ಯಾರೋ ಗಾಜು ತಟ್ಟಿದರು. ಚೀರಿಬಿಟ್ಟಳು.

"ನಾನೇ ಕಣ್ರೀ, ನಿರಂಜನ್. ಆ ಕಡೆ ಕೂತ್ಕೊಳ್ಳಿ, ನಾನ್ ಡ್ರೈವ್ ಮಾಡ್ತೀನಿ."