ಒಂದು ಬದಲಾವಣೆ, ಒಂದು ಚಹಾ

ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಮೇ ತಿಂಗಳ ನಡುಹಗಲಿನಲ್ಲಿ, ನಾರಾಯಣಗೂಡದ ಬೀದಿಯಲ್ಲಿ, ತುಂಬುತೋಳಿನ ಉಣ್ಣೆಯ ಸ್ವೆಟರು ತೊಟ್ಟು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತುಂಬಿದ ಲೋಟವೊಂದು ತಲೆಯ ಮೇಲಿದೆಯೇನೋ ಎಂಬಷ್ಟು ನಿಧಾನವಾಗಿ ನಡೆದುಬರುವ ವ್ಯಕ್ತಿಯನ್ನು ಕಂಡರೆ ಅವರು ಗುರುಶಾಂತರೇ ಎಂದು ತಿಳಿಯಬಹುದಾಗಿತ್ತು. ಕೋಚಿಂಗ್ ಕ್ಲಾಸಿನ ಹುಡುಗರು ಮೊದಮೊದಲು ನಕ್ಕರು. ಬರಬರುತ್ತ ‘ಸ್ವೆಟರ್ ಅಂಕಲ್’ ದಾಟಿಹೋದರೆಂದರೆ ಪಾಠಕ್ಕೆ ತಡವಾಯಿತೆಂದೇ ಲೆಕ್ಕ ಹಿಡಿಯತೊಡಗಿದರು. ಕಚೇರಿಯಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರು ಇಟ್ಟ ಕೋಣೆಯ ಶೈತ್ಯಕ್ಕಾಗಿ ತೊಡುವ ಸ್ವೆಟರನ್ನು ಹೊರಗಾದರೂ ಬಿಚ್ಚಬಾರದೇ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು: “ತಗಿಯೂದು, ಹಾಕೂದು, ಮತ್ತ ತಗಿಯೂದು ಮಾಡಿದ್ರ ನೆಗಡಿ ಆಗ್ತೈತ್ರಿ. ಮೈಗೆ ಒಂದ ಹವಾ ಸಾಕು.”

ಹುಮನಾಬಾದಿನ ಕಡೆಯ ಗುರುಶಾಂತರು ಬಾಲಾನಗರದ ಸರಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ತಲೆಯ ಕೂದಲು ಬೆಳ್ಳಗಾಗುವವರೆಗೆ ದುಡಿದು, ಸ್ವಯಂನಿವೃತ್ತಿ ಪಡೆದು ಹೊರಬಂದಾಗ, ಊರಿನ ಪ್ರತಿ ಕಟ್ಟಡದ ಮೇಲಂತಸ್ತಿನಲ್ಲೂ ಒಂದೊಂದು ಸಾಫ್ಟ್‌ವೇರ್ ಕಂಪನಿ ತಲೆಯೆತ್ತುತ್ತಿತ್ತು. ಆದರೆ ಆ ಕಂಪನಿಗಳಿಗೆ ಬೇಕಾದದ್ದು ಇಪ್ಪತ್ತೆರಡರ ಪ್ರಾಯದವರು. ಕೊನೆಗೆ ಕೆಲಸ ಕೊಟ್ಟವನು ರಾಹುಲ. ಅವನ ಅಜ್ಜ ಭಾಲ್ಕಿಯಿಂದ ಬಂದು ಬಟ್ಟೆಯಂಗಡಿ ಇಟ್ಟವರು. ಅಂಗಡಿಯ ಮೇಲಂತಸ್ತಿನಲ್ಲಿ ಮೊಮ್ಮಗ ಕಂಪನಿ ತೆರೆದಿದ್ದ. ಗುರುಶಾಂತರನ್ನು ಅವನು ‘ಕಾಕಾ’ ಎನ್ನುತ್ತಿದ್ದ. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ.

ಡೇಟಾಬೇಸಿಗೆ ಕೇಳಿದ ಪ್ರಶ್ನೆಗೆ ಉತ್ತರ ತಡವಾಗುತ್ತಿದ್ದರೆ ಆ ವಿಳಂಬದ ಮೂಲವನ್ನು ಹುಡುಕಿ, ಸರ್ವರಿನ ಮೆಮೊರಿಯನ್ನು ಯಾವ ಕೆಲಸಕ್ಕೆ ಎಷ್ಟೆಂದು ಹಂಚಿಕೊಡುವುದು ಗುರುಶಾಂತರ ವೃತ್ತಿ. ಹಂಚುವ ಅಂಕಿಗಳನ್ನು ಒಟ್ಟಿಗೇ ತಿದ್ದಿ ಭಾಗ್ಯಪರೀಕ್ಷೆ ಮಾಡುವವರು ಆ ಕಾಲದಲ್ಲಿ ಧಾರಾಳವಾಗಿದ್ದರು. ಗುರುಶಾಂತರು ಮಾತ್ರ ಒಂದೇ ಒಂದು ಅಂಕಿಯನ್ನು ಬದಲಿಸಿ, ಮೆಟ್ಟಿಲಿಳಿದು, ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು ಬಂದು, ಆಮೇಲೆ ಫಲವನ್ನು ನೋಡುತ್ತಿದ್ದರು. “ಎರಡು ಒಮ್ಮೆಲೇ ತಿದ್ದಿದ್ರ ಯಾವುದರಿಂದ ಗುಣಾ ಆತು ಅಂತ ಹ್ಯಾಂಗ ತಿಳೀತೈತಿ?” ಈ ಹಟ ಮನೆಯವರೆಗೂ ಹಬ್ಬಿತ್ತೆಂಬುದಕ್ಕೆ ಅವರ ಹೆಂಡತಿ ಸುಂದರಾಬಾಯಿಯ ಸಾಕ್ಷ್ಯವಿದೆ: “ಸಾರಿಗೆ ಉಪ್ಪು ಕಮ್ಮಿ ಆಗೈತಿ ಅಂದ್ರ ಇವ್ರು ಒಂದ ಹರಳು ಹಾಕಿ, ಚಹಾ ಕುಡದು ಬಂದು ರುಚಿ ನೋಡೋ ಮನಷ್ಯಾರು. ಅಷ್ಟರಾಗ ನಾವು ಉಂಡು ಎದ್ದಿರ್ತೀವಿ.”

ಇಷ್ಟು ಎಚ್ಚರದ ಮನುಷ್ಯನಿಗೂ ಒಮ್ಮೆ ಲೆಕ್ಕ ತಪ್ಪಿತು. ಆ ಎಚ್ಚರದಿಂದಲೇ ತಪ್ಪಿತು ಎಂದರೂ ಸರಿಯೇ.

ರಾಹುಲನ ಕಂಪನಿಗೆ ಅನ್ನ ಹಾಕುತ್ತಿದ್ದುದು ರಕ್ತಪರೀಕ್ಷೆಯ ದೊಡ್ಡ ಪ್ರಯೋಗಾಲಯವೊಂದು. ಅದರ ಕೌಂಟರುಗಳೆಲ್ಲ ಫೋನಿನ ತಂತಿಯ ಮೂಲಕ ಈ ಕಂಪನಿಯ ಸರ್ವರಿನಿಂದಲೇ ರೋಗಿಗಳ ವರದಿ ತರಿಸಿಕೊಳ್ಳುತ್ತಿದ್ದವು. ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ತೋರಿಸಲು ಬಹಳ ಹೊತ್ತು ಹಿಡಿಯುತ್ತದೆಂಬ ದೂರು ಬಂದಾಗ, ಗುರುಶಾಂತರು ಭಾನುವಾರ ಬೆಳಿಗ್ಗೆ, ಯಾವ ಕೌಂಟರೂ ತೆರೆಯದ ನಿಶ್ಶಬ್ದದಲ್ಲಿ, ಯಾರ ಕೆಲಸಕ್ಕೂ ಅಡ್ಡಿಯಾಗಬಾರದೆಂಬ ಸೌಜನ್ಯದಿಂದ, ಒಬ್ಬರೇ ಕೂತು ಜೋಡಣೆಯ ಕೆಲಸಕ್ಕೆ ಕೊಡುವ ಮೆಮೊರಿಯನ್ನು ಉದಾರವಾಗಿ ಹೆಚ್ಚಿಸಿದರು. ಚಹಾ ಕುಡಿದು ಬಂದು ಗುಂಡಿ ಒತ್ತಿದರೆ, ವರದಿ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲಿತ್ತು. ರಾಹುಲ ಅದನ್ನು ಗಿರಾಕಿಗಳಿಗೆ ತೋರಿಸಿ, “ನಮ್ಮ ಕಾಕಾನ ಜಾದೂ ನೋಡ್ರಿ” ಎಂದು ಬೀಗಿದ. ಕಾರ್ಖಾನೆ ಬಿಟ್ಟ ಮೇಲೆ ಗುರುಶಾಂತರು ಕೇಳಿದ ಮೊದಲ ಹೊಗಳಿಕೆ ಅದು.

ಕೆಲ ದಿನಗಳ ಮೇಲೆ ತಾರ್ನಾಕ, ಬಾಲಾನಗರಗಳಲ್ಲಿ ಪ್ರಯೋಗಾಲಯದ ಹೊಸ ಕೌಂಟರುಗಳು ತೆರೆದವು. ಅದೇ ವಾರ ನಲಿನಿ ಬರೆದ ಹೊಸ ವರದಿಯ ಪ್ರೋಗ್ರಾಮೂ ಬಳಕೆಗೆ ಬಂತು. ಕಲಬುರಗಿಯ ನಲಿನಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೌಂಟರುಗಳಲ್ಲೂ ಪರದೆ ನಿಂತಲ್ಲೇ ನಿಂತಿತು. ವರದಿಗಾಗಿ ಬಂದವರು ಕೌಂಟರು ಬಡಿದು ಬೈಯುತ್ತಿದ್ದಾರೆಂದು ಫೋನು ಬಂತು, ಮರುದಿನವೂ ಬಂತು. ಆ ಪ್ರೋಗ್ರಾಮು ಬರೆದವರನ್ನು ತೆಗೆಯದಿದ್ದರೆ ಕರಾರೇ ಬೇಡವೆಂದು ಪ್ರಯೋಗಾಲಯದ ಡಾಕ್ಟರು ಹೇಳಿಬಿಟ್ಟರು.

“ನನ್ನ ಮಷೀನಿನ್ಯಾಗ ಚಲೋ ಓಡಾಕತ್ತೈತ್ರಿ ಸರ್,” ಎಂದಳು ನಲಿನಿ, ಬಿಳಿಚಿಕೊಂಡು.

“ನಿನ್ನ ಮಷೀನು ತಾರ್ನಾಕಕ್ಕ ಒಯ್ದು ಇಡೂಣೇನವಾ?” ಎಂದ ರಾಹುಲ.

ಗುರುಶಾಂತರು ಸರ್ವರಿನ ಕೋಣೆಗೆ ಹೋದರು. ಮಿನುಗಿ ಆರಬೇಕಾದ ಡಿಸ್ಕಿನ ಹಸಿರು ದೀಪ ಆರದೆ ಉರಿಯುತ್ತಿತ್ತು. ಒಳಗಿನಿಂದ ಎಡೆಬಿಡದ ಗರಗರ. ಮೆಮೊರಿ ತುಂಬಿ, ಹಿಡಿಸಲಾರದ್ದನ್ನು ಯಂತ್ರ ಡಿಸ್ಕಿಗೆ ದೂಡುತ್ತ, ಮರುಕ್ಷಣವೇ ಮರಳಿ ಎಳೆದುಕೊಳ್ಳುತ್ತ ಏದುತ್ತಿತ್ತು. ಅವರು ಹೆಚ್ಚಿಸಿದ್ದ ಅಂಕಿ ಇಡೀ ಸರ್ವರ್ ಯಂತ್ರಕ್ಕೆ ಒಮ್ಮೆ ಸಲ್ಲುವಂಥದ್ದಲ್ಲ. ವರದಿ ಕೇಳಿದ ಪ್ರತಿಯೊಬ್ಬರಿಗೂ ಅಷ್ಟಷ್ಟೇ ಸಲ್ಲುವಂಥದ್ದು. ಅದು ಅವರಿಗೆ ಗೊತ್ತಿರದ ವಿಷಯವೇನಲ್ಲ. ಭಾನುವಾರ ಕೇಳಿದವರು ತಾವೊಬ್ಬರೇ ಆಗಿದ್ದರಷ್ಟೆ.

ಹೊರಗೆ ಬಂದಾಗ ರಾಹುಲ ಮುಗಿದ ಮಾತನ್ನೇ ಕೇಳುವವನಂತೆ ಕೇಳಿದ: “ಕಾಕಾ, ಆಕಿ ಪ್ರೋಗ್ರಾಮ್ ತಗದ್ರ ಎಲ್ಲಾ ಸರಿ ಆಗ್ತೈತಿ, ಹೌದಲ್ಲ?”

ಆಗುತ್ತಿತ್ತು. ಆ ಪ್ರೋಗ್ರಾಮು ನಿಂತರೆ ಭಾರ ಇಳಿದು ಸರ್ವರು ಉಸಿರಾಡುತ್ತಿತ್ತು; ನಲಿನಿ ಮನೆಗೆ ಹೋಗುತ್ತಿದ್ದಳು; ಕಾಕಾನ ಜಾದೂ ಜಾದೂವಾಗಿಯೇ ಉಳಿಯುತ್ತಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಮೇಲಂತಸ್ತಿನಲ್ಲಿ ಕುರ್ಚಿ ಸಿಗುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು.

“ಸರಿ ಆಧಂಗ ಕಾಣ್ತೈತಿ,” ಎಂದರು. “ಆದರ ತಪ್ಪು ಆಕಿದಲ್ಲ, ನಂದು. ಖಾನಾವಳಿಗೆ ಬಂದ ಒಬ್ಬೊಬ್ಬಗ ಒಂದೊಂದು ಮೇಜು ಅಂತ ನಾ ಬರದು ಇಟ್ಟೀನಿ. ಐತವಾರ ನಾ ಒಬ್ಬಾಂವನ ಉಣ್ಣಾಕ ಕುಂತಿದ್ದೆ, ಭಾಳ ಆರಾಮ ಅನಸ್ತು. ಈಗ ಊರ ಮಂದಿ ಬಂದಾರ. ಮೇಜು ಬೀದಿಗೆ ಹೋಗ್ಯಾವು. ಡಾಕ್ಟರಿಗೆ ಹಂಗ ಹೇಳು, ನನ್ನ ಹೆಸರು ಹೇಳು.”

“ಜಾದೂ ಅಂತ ಊರೆಲ್ಲಾ ಹೇಳೀನಲ್ಲೋ ಕಾಕಾ...” ಎಂದು ರಾಹುಲ ಫೋನಿನತ್ತ ಕೈ ಚಾಚಿದ.

ಗುರುಶಾಂತರು ಅಂಕಿಯನ್ನು ಇಳಿಸಿದರು. ಇದರ ಜೊತೆಗೆ ಇನ್ನೂ ಒಂದೆರಡನ್ನು ತಿದ್ದಿಬಿಡೋಣವೆಂದು ಅಕ್ಕಪಕ್ಕದವರು ಅವಸರಪಡಿಸಿದರೂ, ಆ ಆತಂಕದ ನಡುವೆಯೂ, “ತಡೀರಿ, ನೋಡೂಣು” ಎಂದು ಮೆಟ್ಟಿಲಿಳಿದರು. ಅಂದು ಅವರೊಡನೆ ಚಹಾಕ್ಕೆ ನಲಿನಿಯೂ ಹೋದಳು. ಮರಳಿದಾಗ ಡಿಸ್ಕಿನ ದೀಪ ಮಿನುಗಿ ಆರುತ್ತಿತ್ತು. ಭಾನುವಾರದ ಮಿಂಚು ಉಳಿದಿರಲಿಲ್ಲ, ವರದಿ ತುಸು ಸಾವಕಾಶವಾಗಿಯೇ ಬರುತ್ತಿತ್ತು. ಆದರೆ ಎಲ್ಲ ಕೌಂಟರುಗಳಿಗೂ ಬರುತ್ತಿತ್ತು.

ಕರಾರು ಉಳಿಯಿತು, ನಲಿನಿ ಉಳಿದಳು. ಗುರುಶಾಂತರ ಕುರ್ಚಿಯೂ ಉಳಿಯಿತು. ಆದರೆ ಗಿರಾಕಿಗಳು ಬಂದಾಗ ರಾಹುಲ ಅವರನ್ನು ಕರೆದು ತೋರಿಸುವುದನ್ನು ನಿಲ್ಲಿಸಿದ, ಹೊಸ ಸರ್ವರುಗಳು ಬೇರೆಯವರ ಕೈಗೆ ಹೋದವು. ಗುರುಶಾಂತರ ಕೆಲಸದ ವಿಧಿಗೆ ಒಂದು ಅಂಗ ಮಾತ್ರ ಹೊಸದಾಗಿ ಸೇರಿತು: ಯಾವ ಅಂಕಿ ಬದಲಿಸಿದರೂ, ಚಹಾದ ನಂತರ, ಸ್ವೆಟರಿನ ತೋಳೆತ್ತಿ, “ಎಲ್ಲಾರೂ ಒಮ್ಮೆಲೇ ಒತ್ರಿ!” ಎಂದು ಇಡೀ ಕಚೇರಿಯಿಂದ ಗುಂಡಿ ಒತ್ತಿಸುವುದು. ಮದುವೆಯ ಅಕ್ಷತೆಗೆ ಕಾದವರಂತೆ ಎಲ್ಲರೂ ನಗುತ್ತ ಅವರ ಕೈಯನ್ನೇ ನೋಡುತ್ತಿದ್ದರು.

ವೇಗವನ್ನು ಕಂಡು ಬೆರಗಾಗುವ ಕಾಲಗಳಲ್ಲಿ ಇಂಥವರು ಮಂದಗತಿಯವರೆನಿಸಿಕೊಳ್ಳುವುದು ಸಹಜ. ಅವರಿಗೂ ಕೌಶಲವಿರುತ್ತದೆ, ಕೌಶಲದ ಗರ್ವವೂ ಇರುತ್ತದೆ, ಅವರೂ ತಪ್ಪುತ್ತಾರೆ. ಆದರೆ ತಾವೊಬ್ಬರೇ ಇದ್ದಾಗ ಸರಿಬಂದ ಲೆಕ್ಕವನ್ನು ಅವರು ಇನ್ನೂ ಸರಿಯೆಂದು ಒಪ್ಪುವುದಿಲ್ಲ. ಮಂದಿಯೆಲ್ಲ ಬಂದು ಕೂತ ಮೇಲೆ, ಬೆನ್ನ ಹಿಂದೆ ಕಟ್ಟಿದ ಕೈ ಬಿಚ್ಚಿ, ಮತ್ತೊಮ್ಮೆ ನೋಡುತ್ತಾರೆ.